ಅವನು ಬಾರದಿದ್ದರೂ ತೆರೆದಿರಬೇಕಾದ ಬಾಗಿಲು

ಕುಡಿತ ಬಿಡಿಸುವ ಕೆಲಸ ಎಂದೊಡನೆ ಚಿತ್ರದುರ್ಗದ ಹಳ್ಳಿಗಳಲ್ಲಿ ಜನ ಹೆಸರಿಸುವುದು ಧರ್ಮಸ್ಥಳದ ಮದ್ಯವರ್ಜನ ಶಿಬಿರವನ್ನು. ಅಲ್ಲಿನ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ರಾಜ್ಯದಲ್ಲಿ ನಡೆಸಿರುವ ಇಂಥ ಶಿಬಿರಗಳ ಸಂಖ್ಯೆ ಸಾವಿರವನ್ನು ಎಂದೋ ದಾಟಿದೆ. ಊರಿನವರೇ ಸಮಿತಿ ಮಾಡಿಕೊಂಡು ಅಕ್ಕಿ, ಬೇಳೆ, ಹಣ ಕೂಡಿಸುತ್ತಾರೆ. ಕುಡಿಯುವವರು ಎಂಟು ದಿನ ಅಲ್ಲೇ ಉಳಿಯುತ್ತಾರೆ. ಯೋಗ, ಭಜನೆ, ಆಪ್ತ ಸಮಾಲೋಚನೆ, ಕೊನೆಗೆ ಪ್ರತಿಜ್ಞೆ. ಆಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆ, ನೂರು ದಿನ ತುಂಬಿದಾಗ ಶತದಿನೋತ್ಸವ.

ಈ ಕ್ರಮದ ದೊಡ್ಡತನವನ್ನು ಮೊದಲು ಒಪ್ಪಬೇಕು. ಒಂದು ಮನೆಯೊಳಗೆ ಮುಚ್ಚಿಟ್ಟಿದ್ದ ಅವಮಾನವನ್ನು ಇಡೀ ಊರು ತನ್ನ ಹೊಣೆ ಎಂದು ಹೊತ್ತುಕೊಂಡಿತು. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಂತು ದುಶ್ಚಟಗಳನ್ನೇ ಭಿಕ್ಷೆ ಬೇಡಿದ್ದೂ ಇದೇ ಜಾತಿಯ ಕೆಲಸ. ಕುಡಿಯುವವನನ್ನು ಹೀಗಳೆಯದೆ ಮಾತಾಡಿಸುವುದನ್ನು ಇವು ನಮಗೆ ಕಲಿಸಿದವು.

ಆದರೆ ಶಿಬಿರದಲ್ಲಿ ಹೆಂಡತಿಯ ಜಾಗ ಎಲ್ಲಿ? ಕುಟುಂಬ ದಿನದಂದು ಅವಳನ್ನು ಕರೆಸುತ್ತಾರೆ. ಗಂಡನ ಪಕ್ಕ ಕೂರಿಸುತ್ತಾರೆ. ಅವನು ಕಾಲಿಗೆ ಬಿದ್ದು ಕ್ಷಮೆ ಕೇಳಿದಾಗ ಸಭೆಯೇ ಕಣ್ಣೊರೆಸಿಕೊಳ್ಳುತ್ತದೆ. ಇಷ್ಟು ವರ್ಷ ಅವಳು ತಿಂದ ಪೆಟ್ಟು, ಅಡವಿಟ್ಟ ತಾಳಿ, ತೀರದ ಸಂಘದ ಸಾಲ, ಶಾಲೆ ಬಿಟ್ಟ ಮಗಳು, ಇವುಗಳ ಲೆಕ್ಕ ಆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಅವನನ್ನು ಚೆನ್ನಾಗಿ ನೋಡಿಕೊ, ಮತ್ತೆ ಕುಡಿಯದ ಹಾಗೆ ಕಾಯಿ ಎಂಬ ಹೊಸ ಹೊಣೆಯೂ ಅವಳ ಹೆಗಲಿಗೇ. ಇನ್ನು ಶಿಬಿರಕ್ಕೆ ಬರಲೊಪ್ಪದವನ ಮನೆಗೆ ಏನು ದಾರಿ? ಶಿಬಿರದ ಬಾಗಿಲು ತೆರೆಯುವುದು ಅವನ ಮೂಲಕವೇ. ನನ್ನ ಮುಖ್ಯ ತಕರಾರು ಇದು.

2019ರ ಜನವರಿ 19ರಂದು ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದಲೇ ಬೆಂಗಳೂರಿಗೆ ನಡೆದರು. ಇನ್ನೂರು ಕಿಲೋಮೀಟರ್ ದಾರಿ. ನಡುವೆ ಒಬ್ಬ ತಾಯಿ ಅಪಘಾತದಲ್ಲಿ ತೀರಿಕೊಂಡರು. ಅವರು ಕೇಳಿದ್ದು ಪೂರ್ಣ ನಿಷೇಧ. ಅವರ ಸಿಟ್ಟು ನನಗೆ ಪೂರ್ತಿ ನ್ಯಾಯವೆನಿಸುತ್ತದೆ. 2007ರ ಜುಲೈನಲ್ಲಿ ಸಾರಾಯಿ ನಿಂತ ಮೇಲೂ ಅಗ್ಗದ ಬ್ರಾಂದಿ, ವಿಸ್ಕಿ ಹಳ್ಳಿಯ ಕಿರಾಣಿ ಅಂಗಡಿವರೆಗೆ ಬಂದದ್ದನ್ನು ಕಂಡವರು ಅವರು. ಆದರೆ ನಿಷೇಧ ಬಂದರೂ ಬಾರದಿದ್ದರೂ, ಇವತ್ತು ರಾತ್ರಿ ಹೊಸದುರ್ಗದ ಯಾವುದೋ ಹಟ್ಟಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಹೊರಗೋಡುವವಳಿಗೆ ಒಂದು ಜಾಗ ಬೇಕಲ್ಲ.

ಮದ್ರಾಸಿನಲ್ಲಿ ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚಿಕಿತ್ಸಾ ಕೇಂದ್ರ ತೆರೆದಾಗ ಮನೆಯವರಿಗೂ ಚಿಕಿತ್ಸೆಯಲ್ಲಿ ಪಾಲು ಕೊಟ್ಟರು. ಅಮೆರಿಕದಲ್ಲಿ 1951ರಲ್ಲಿ ಹುಟ್ಟಿದ ಅಲ್-ಅನಾನ್ ಇನ್ನೂ ಮುಂದೆ ಹೋಯಿತು: ಕುಡಿಯುವವನು ಬಿಡಲಿ ಬಿಡದಿರಲಿ, ಮನೆಯವರು ತಮಗಾಗಿ ಸೇರಬಹುದು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಸುತ್ತಲಿನ ಹಳ್ಳಿಗಳಿಗೆ ಬೇಕಿರುವ ಕೇಂದ್ರಕ್ಕೆ ಇದೇ ತಳಹದಿಯಾಗಬೇಕು.

ಅಂಥ ಕೇಂದ್ರ ಮೊದಲು ಕಲಿಸಬೇಕಾದದ್ದು ಜೀವ ಉಳಿಸುವ ಒಂದು ವಿಷಯ. ಬಾಟಲಿ ಬಚ್ಚಿಟ್ಟು, ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಲು ಹೋಗುವ ಮನೆಗಳು ಬಹಳ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಕೈನಡುಕ, ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನ ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಜನ ಇದನ್ನು ದೆವ್ವದ ಕಾಟ ಎಂದು ದೇವರ ಗುಡಿಗೆ ಒಯ್ಯುತ್ತಾರೆ. ಒಯ್ಯಬೇಕಾದದ್ದು ಆಸ್ಪತ್ರೆಗೆ, ತಡಮಾಡದೆ.

ಹೊಸ ಕಟ್ಟಡವೇನೂ ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಹಿಂಸೆಗೊಳಗಾದವರಿಗೆ ಸಾಂತ್ವನ ಕೇಂದ್ರಗಳಿವೆ, ಊರೂರಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ಒಬ್ಬರು ಮಾಡುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಹಿರಿಯೂರು, ಹೊಳಲ್ಕೆರೆಯಂಥ ಪ್ರತಿ ತಾಲ್ಲೂಕಿನಲ್ಲೂ ಇವರನ್ನು ಒಂದೇ ಕೋಣೆಯಲ್ಲಿ ಕೂರಿಸುವ, ಮಕ್ಕಳ ಮಾತನ್ನೂ ಕೇಳುವ ಒಬ್ಬ ಕಾರ್ಯಕರ್ತೆಯನ್ನು ಜಿಲ್ಲಾಡಳಿತ ನೇಮಿಸಲಿ. ಶಿಬಿರ ನಡೆಸುವವರೂ ಎಷ್ಟು ಜನ ಬಿಟ್ಟರು ಎಂದು ಎಣಿಸುವ ಜೊತೆಗೆ ಎಷ್ಟು ಮನೆಗಳಲ್ಲಿ ಹೊಡೆತ ನಿಂತಿತು ಎಂದೂ ಕೇಳಲಿ.

ಅಲ್ಲಿಯವರೆಗೆ ಓದುಗರು ಒಂದು ಸಂಖ್ಯೆಯನ್ನು ನೆರೆಮನೆಗೂ ಮುಟ್ಟಿಸಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕರೆ ಮಾಡಲು ಕುಡಿಯುವವನ ಒಪ್ಪಿಗೆ ಬೇಕಿಲ್ಲ.