ಅರ್ಧ ಮಿಲಿಮೀಟರಿನ ಲೆಕ್ಕ: ತೆಳ್ಳನೆಯ ಕ್ಲಿಕ್ ಪೆನ್ನಿನ ರಸಿಕರಿಗೊಂದು ಕೈಪಿಡಿ

ಮರದ ಪೆನ್ನು ಕೈಗೆ ಬಂದಾಗ ಹೊಸಬರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಆಮೇಲೆ ಮರದ ಎಳೆ, ಹೊಳಪು, ಕ್ಲಿಪ್ಪುಗಳ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಳೆ ಬರೆದದ್ದು ಮರ, ಹೊಳಪು ಕೊಟ್ಟದ್ದು ಅರಗು. ಮಾಡಿದವರ ಕೈ ಎಷ್ಟು ಪಳಗಿದೆ ಎಂಬುದು ಅವೆರಡರಲ್ಲೂ ಪೂರ್ತಿ ಗೊತ್ತಾಗುವುದಿಲ್ಲ. ಒತ್ತಿದರೆ ಮುಳ್ಳು ಹೊರಬಂದು, ಮತ್ತೆ ಒತ್ತಿದರೆ ಒಳಸರಿಯುವ ಟಿಕ್ ಟಿಕ್ ಪೆನ್ನನ್ನು ಕೈಯಲ್ಲೇ ಮಾಡುವುದು, ಅದರಲ್ಲೂ ತೆಳ್ಳಗೆ ಮಾಡುವುದು ಮೇಲ್ಮೈಯ ಕೆಲಸವಲ್ಲ, ಹೊಟ್ಟೆಯೊಳಗಿನ ಕೆಲಸ. ಇಂಥ ಪೆನ್ನನ್ನು ಮೆಚ್ಚಬೇಕಾದರೆ ಒಳಗಿನಿಂದ ಹೊರಕ್ಕೆ ನೋಡಬೇಕು, ತೆಳುವಾಗಿಸಲು ಎಲ್ಲೆಲ್ಲಿ ಏನೇನು ಬಿಟ್ಟುಕೊಟ್ಟಿದ್ದಾರೆ ಎಂದು ಕೇಳಬೇಕು. ಈ ಬರಹದ ವಾದ ಅಷ್ಟೇ.

ಲೆಕ್ಕ ಹೀಗಿದೆ. ಅಂಗಡಿಯಲ್ಲಿ 'ಪಾರ್ಕರ್ ರೀಫಿಲ್' ಎಂದು ಕೇಳಿದರೆ ಕೊಡುವ ಜಿ2 ಮಾದರಿಯ ರೀಫಿಲ್ ಸುಮಾರು 98 ಮಿ.ಮೀ. ಉದ್ದ, ಸುಮಾರು 6 ಮಿ.ಮೀ. ದಪ್ಪ. ಅದು ಸಲೀಸಾಗಿ ಜಾರಲು ಸುತ್ತ ಒಂದಿಷ್ಟು ಜಾಗ ಬೇಕು. ಒಳಗಿನ ಹಿತ್ತಾಳೆ ಕೊಳವೆಯ ಹೊರ ಅಳತೆ 7 ಮಿ.ಮೀ. ಎಂದಿಟ್ಟುಕೊಂಡು, ಅದರ ಸುತ್ತ ಬರೀ 1 ಮಿ.ಮೀ. ಮರ ಉಳಿಸಿದರೂ ಪೆನ್ನು 9 ಮಿ.ಮೀ. ಆಗುತ್ತದೆ. ಶಾಲೆಯ ಪೆನ್ಸಿಲ್ಲು ಹೆಚ್ಚುಕಡಿಮೆ 7 ಮಿ.ಮೀ. ದಪ್ಪ. ಈ 9ರಿಂದ ಅರ್ಧ ಮಿ.ಮೀ. ಇಳಿಸಬೇಕಾದರೆ ಸುತ್ತಲೂ ಕಾಲು ಮಿ.ಮೀ. ಮರ ಹೋಗಬೇಕು, ಅಂದರೆ ಗೋಡೆಯ ನಾಲ್ಕನೆಯ ಒಂದು ಪಾಲು. ಇನ್ನೂ ತೆಳುವಾಗಬೇಕೆಂದರೆ ರೀಫಿಲ್ಲನ್ನೇ ಬದಲಿಸದೆ ದಾರಿಯಿಲ್ಲ. ಡಿ1 ಎಂಬ ಪುಟ್ಟ ಲೋಹದ ರೀಫಿಲ್ 67 ಮಿ.ಮೀ. ಉದ್ದ, 2.35 ಮಿ.ಮೀ. ದಪ್ಪ. ಅದನ್ನು ಒಪ್ಪಿಕೊಂಡರೆ ಪೆನ್ಸಿಲ್ಲಿನಷ್ಟು ತೆಳ್ಳಗಿನ ಪೆನ್ನು ಸಾಧ್ಯ, ಆದರೆ ಶಾಯಿ ಬಹಳ ಕಡಿಮೆ. ಜೊತೆಗೆ ಕೈತುಂಬುವ ಉದ್ದದ ಪೆನ್ನಿನಲ್ಲಿ ಅರ್ಧದಷ್ಟು ಜಾಗ ಖಾಲಿ ಉಳಿಯುತ್ತದೆ. ಹಿಂದಿನ ಗುಂಡಿಯಿಂದ ರೀಫಿಲ್ಲಿನ ಬಾಲದವರೆಗೆ ಒತ್ತಡ ಮುಟ್ಟಿಸಲು ಒಂದು ಸಣ್ಣ ಕಡ್ಡಿಯನ್ನು ಹೇಳಿ ಮಾಡಿಸಿಯೇ ಆಗಬೇಕು. ಕಿವಿಯ ಹತ್ತಿರ ಹಿಡಿದು ಪೆನ್ನನ್ನು ಅಲ್ಲಾಡಿಸಿ ನೋಡಿ: ಗಡಗಡ ಸದ್ದು ಬಂದರೆ ಆ ಕಡ್ಡಿಯನ್ನು ಅಳತೆಗೆ ಸರಿಯಾಗಿ ಹೊಂದಿಸಿಲ್ಲ.

ಕ್ಲಿಕ್ಕಿನ ಯಂತ್ರವನ್ನೂ ತಿಳಿದಿರಬೇಕು, ಏಕೆಂದರೆ ತೆಳುವಾಗಲು ಅಡ್ಡ ಬರುವುದು ಅದೇ. ಗುಂಡಿಯ ಕೆಳಗೆ ಓರೆ ಹಲ್ಲುಗಳಿರುವ ಒಂದು ಪುಟ್ಟ ಚಕ್ರವಿದೆ, ಸುತ್ತಲಿನ ಕೊಳವೆಯ ಒಳಮೈಯಲ್ಲಿ ಉದ್ದುದ್ದ ಏಣುಗಳು, ಏಣುಗಳ ನಡುವೆ ಗಾಡಿಗಳು, ಅಂದರೆ ತೋಡುಗಳು. ಗುಂಡಿ ಒತ್ತಿದಾಗ ಚಕ್ರ ಏಣಿನ ತುದಿ ದಾಟಿ ಬಿಡುಗಡೆಯಾಗುತ್ತದೆ. ಮುಂದಿರುವ ಸ್ಪ್ರಿಂಗ್ ಹಿಂದಕ್ಕೆ ತಳ್ಳಿದಾಗ ಹಲ್ಲಿನ ಓರೆಯೇ ಅದನ್ನು ಒಂಚೂರು ತಿರುಗಿಸಿ ಏಣಿನ ತುದಿಯ ಮೇಲೆ ಕೂರಿಸುತ್ತದೆ. ಮುಳ್ಳು ಹೊರಗೇ ನಿಲ್ಲುತ್ತದೆ. ಮತ್ತೆ ಒತ್ತಿದರೆ ಇನ್ನೊಂಚೂರು ತಿರುಗಿ ಗಾಡಿಗೆ ಜಾರುತ್ತದೆ, ಮುಳ್ಳು ಒಳಕ್ಕೆ. 1954ರಲ್ಲಿ ಪಾರ್ಕರ್ ಕಂಪನಿ ತಂದ ಜಾಟರ್ ಪೆನ್ನಿನಲ್ಲಿ ಪ್ರತಿ ಕ್ಲಿಕ್ಕಿಗೂ ರೀಫಿಲ್ ಕಾಲು ಸುತ್ತು ತಿರುಗುತ್ತಿತ್ತು. ತುದಿ ಒಂದೇ ಕಡೆ ಸವೆಯದಿರಲಿ ಎಂಬುದು ಉದ್ದೇಶ. ಇಷ್ಟೆಲ್ಲ ಹಲ್ಲು, ಏಣು, ಗಾಡಿಗಳನ್ನು ನಾಲ್ಕೈದು ಮಿಲಿಮೀಟರಿನೊಳಗೆ ಅಡಗಿಸಬೇಕು. ತೆಳ್ಳನೆಯ ಮರದ ಪೆನ್ನುಗಳಲ್ಲಿ ಬಹುಪಾಲು ತಿರುಗಿಸುವ ಬಗೆಯವು, ಒತ್ತುವವು ಕಡಿಮೆ. ಅದಕ್ಕೆ ಕಾರಣ ಇದೇ. ಉದ್ದದ ಲೆಕ್ಕವೂ ಅಷ್ಟೇ ಬಿಗಿ. ಕೊಳವೆಯ ಅಂಚನ್ನು ಒಂದು ಮಿ.ಮೀ. ಹೆಚ್ಚು ತರಿದರೆ ಒಳಗಿರಬೇಕಾದ ಮುಳ್ಳು ಇಣುಕುತ್ತದೆ, ಜೇಬಿನಲ್ಲಿ ಶಾಯಿಯ ಕಲೆ. ಕಡಿಮೆ ತರಿದರೆ ಹೊರಬಂದ ಮುಳ್ಳು ಕಾಗದಕ್ಕೆ ತಾಗುವಷ್ಟು ಉಳಿಯುವುದಿಲ್ಲ. ಗುಂಡಿಯನ್ನು ಬಹಳ ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಎಲ್ಲೂ ಕಚ್ಚಿಕೊಳ್ಳದೆ ಒಂದೇ ಸಮ ಬಂದರೆ ಒಳಗೆ ಎಲ್ಲವೂ ನೇರವಾಗಿದೆ.

ಈ ಕಲೆಗೆ ನಮ್ಮ ಕಡೆಯ ನೆಲೆ ಯಾವುದು ಎಂದು ಪಾಂಡವಪುರದ ಬಳಿಯ ಕ್ಯಾತನಹಳ್ಳಿಯವರು ದೂರ ಹುಡುಕಬೇಕಾಗಿಲ್ಲ. ಪಾಂಡವಪುರದಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಮಂಡ್ಯ, ಮದ್ದೂರು ದಾಟಿ ಸಿಗುವುದೇ ಚನ್ನಪಟ್ಟಣ. ಅಲ್ಲಿ ಆಟಿಕೆಗಳ ಜೊತೆಗೆ ಪೆನ್ನನ್ನೂ ಕಡೆಯುತ್ತಾರೆ. ಮೆತ್ತನೆಯ, ಬಿಳಿಯ ಆಲೆಮರವನ್ನು ಲೇತಿಗೆ ಕೊಟ್ಟು ಉಳಿ ಹಿಡಿದು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಮೆತ್ತಗಾಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಒಣಗರಿ ಒತ್ತಿ ಅದನ್ನು ಸಮವಾಗಿ ಹರಡಿ ಮಿಂಚು ಬರಿಸುತ್ತಾರೆ. ಚನ್ನಪಟ್ಟಣದ ಆಟಿಕೆಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಆ ಮುದ್ರೆ ಊರನ್ನು ಹೇಳುತ್ತದೆ, ಪೆನ್ನಿನ ಗೋಡೆ ಸಮವಾಗಿದೆಯೇ ಎಂದು ಹೇಳುವುದಿಲ್ಲ. ಬುಗುರಿ ಕಡೆಯುವವರಿಗೆ ಗಟ್ಟಿ ಮರವೇ ಆಧಾರ. ಪೆನ್ನು ಕಡೆಯುವವರು ಟೊಳ್ಳು ಕೊಳವೆಗೆ ತೆಳ್ಳನೆಯ ಕಬ್ಬಿಣದ ಸರಳು ತೂರಿಸಿ ಅದರ ಸುತ್ತ ಕಡೆಯಬೇಕು. ಸರಳು ತೆಳುವಾದಷ್ಟೂ ಉಳಿಯ ಒತ್ತಿಗೆ ಬಳುಕುತ್ತದೆ, ಬಳುಕಿದರೆ ಗೋಡೆ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಸವಕಲು. ಮರವೂ ಲೋಹದ ಬಳೆಯೂ ಕೂಡುವ ಜಾಗದಲ್ಲಿ ಉಗುರನ್ನು ಸುತ್ತಲೂ ಆಡಿಸಿ: ಎಲ್ಲಿ ತಡೆಯುತ್ತದೋ ಅಲ್ಲಿ ಬಳುಕಿದೆ. ಅರಗಿಗೂ ಒಂದು ದೌರ್ಬಲ್ಯವಿದೆ. ಅದು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ, ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಮಿಂಚು ಹೋಗುತ್ತದೆ. ಅದನ್ನು ಮಾಡಿದವರ ತಪ್ಪೆಂದು ಎಣಿಸಬೇಡಿ.

ಮರದ ಆಯ್ಕೆಯಲ್ಲಿ ಹವೆಯ ಪಾತ್ರ ದೊಡ್ಡದು. ಮರ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಡ್ಡ ಹಿಗ್ಗುತ್ತದೆ, ಕುಗ್ಗುತ್ತದೆ. ಒಳಗಿನ ಹಿತ್ತಾಳೆಗೆ ತೇವದ ಹಂಗಿಲ್ಲ. ನಾಲೆಯ ನೀರು ಹರಿದು ಗದ್ದೆ ನಿಂತಿರುವ ಪಾಂಡವಪುರದ ಬಯಲಲ್ಲಿ ಮಳೆಗಾಲದ ತೇವ ಹೀರಿಕೊಂಡ ಮರ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಕೊಳವೆಯನ್ನು ಹಿಂಡುತ್ತದೆ. ಗೋಡೆ ತೆಳುವಾಗಿದ್ದರೆ ಎಳೆಗುಂಟ ಸೀಳುತ್ತದೆ. ಚೆನ್ನಾಗಿ ಹದವಾಗಿ ಒಣಗಿದ ಹುಣಸೆಯ ಚೇಗು, ಹಲಸಿನ ಚೇಗು ಇದನ್ನು ತಾಳಿಕೊಳ್ಳುತ್ತವೆ. ತೆಂಗಿನ ಮರದ ಚುಕ್ಕೆಗಳು ಚೆಂದ, ಆದರೆ ಅದರ ಗಟ್ಟಿ ನಾರಿಗೂ ಮೆತ್ತನೆಯ ತಿರುಳಿಗೂ ಹೊಂದಿಕೆಯಿಲ್ಲ; ತೆಳುವಾಗಿ ಕಡೆಯುವಾಗ ನಾರು ಕಿತ್ತು ಬರುತ್ತದೆ. ತೆಂಗಿನ ಪೆನ್ನು ಕೊಂಚ ದಪ್ಪಗೇ ಇರಲಿ. ಎಲ್ಲ ಮರವನ್ನೂ ಒಂದೇ ತೆಳುವಿಗೆ ಎಳೆದವರಿಗಿಂತ, ಯಾವ ಮರದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿದವರು ದೊಡ್ಡವರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ರೀಫಿಲ್ ಕಾರ್ಖಾನೆಯದು, ಸ್ಪ್ರಿಂಗ್ ಕಾರ್ಖಾನೆಯದು, ಎಷ್ಟೋ ಸಲ ಹಲ್ಲುಚಕ್ರವೂ ಕಾರ್ಖಾನೆಯದೇ. ಹಾಗಿರುವಾಗ ಕೈಯಿಂದ ಮಾಡಿದ್ದು ಯಾವುದು? ವೀಣೆ ಮಾಡುವವರು ತಂತಿ ಎಳೆಯುವುದಿಲ್ಲ, ಆದರೂ ಆ ವೀಣೆ ಅವರದೇ. ಮೆಟ್ಟಿಲನ್ನು ಎಲ್ಲಿ ಕೂರಿಸಬೇಕೆಂಬುದು ಅವರ ಕಿವಿಯ ನಿರ್ಧಾರ. ಹಾಗೆಂದು ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಸಿದ್ಧ ಕಿಟ್ ತಂದು, ಅದರ ಕೊಳವೆಗೆ ಮರ ಅಂಟಿಸಿ, ಅದರ ಬಳೆಯ ಅಳತೆಗೇ ಕಡೆದರೆ ಎಲ್ಲ ನಿರ್ಧಾರವೂ ಕಿಟ್ ಮಾಡಿದವರದು. ಕಡೆದವರ ಶ್ರಮಕ್ಕೆ ಬೆಲೆ ಕೊಡಿ. ರೂಪ ಅವರದೆಂದು ಮಾತ್ರ ಹೊಗಳಬೇಡಿ. ಹಿತ್ತಾಳೆಯ ಗುಂಡಿಯನ್ನು ತಾವೇ ಕಡೆದಿದ್ದರೆ, ನಡುವಿನ ಕಡ್ಡಿಯನ್ನು ತಾವೇ ಅಳೆದು ಕತ್ತರಿಸಿದ್ದರೆ, ಮುಂತುದಿಯ ತೂತನ್ನು ಆ ಒಂದು ರೀಫಿಲ್ಲಿಗೇ ಕೊರೆದಿದ್ದರೆ, ಆಗ ಅದು ಮಾಡಿದವರ ಪೆನ್ನು. ಈ ತೂತು ಸಣ್ಣ ವಿಷಯವಲ್ಲ. ಅದು ಕೂದಲೆಳೆಯಷ್ಟು ಸಡಿಲವಾದರೂ ಪ್ರತಿ ಅಕ್ಷರಕ್ಕೂ ಮುಳ್ಳು ಅತ್ತಿತ್ತ ಬಡಿಯುತ್ತದೆ, ಬಿಗಿಯಾದರೆ ಸ್ಪ್ರಿಂಗ್ ರೀಫಿಲ್ಲನ್ನು ಹಿಂದಕ್ಕೆ ತಳ್ಳಲಾರದು. ಕಾರ್ಖಾನೆಯ ಪೆನ್ನು ಸಾವಿರಾರು ರೀಫಿಲ್ಲುಗಳಿಗೆ ಹೊಂದಬೇಕಾದ್ದರಿಂದ ತೂತನ್ನು ಸಡಿಲವಾಗಿಯೇ ಇಡುತ್ತದೆ. ಕೈಕೆಲಸದವರು ನಿಜವಾಗಿ ಗೆಲ್ಲುವುದು ಈ ಒಂದು ಜಾಗದಲ್ಲಿ.

ಹತ್ತು ರೂಪಾಯಿಯ ಪೆನ್ನೂ ಇಷ್ಟೇ ಚೆನ್ನಾಗಿ ಬರೆಯುತ್ತದಲ್ಲ ಎಂದರೆ, ಹೌದು, ಬರೆಯುತ್ತದೆ. ಬರೆಯುವುದು ರೀಫಿಲ್ಲಿನ ಗೋಲಿ, ಮರವಲ್ಲ. ತೆಳ್ಳನೆಯ ಪೆನ್ನು ಬೆರಳಿಗೆ ನೋವು ಎಂಬ ಮಾತಿಗೆ ಹೆಚ್ಚು ತೂಕವಿದೆ. ಮೂರು ಗಂಟೆಯ ಪರೀಕ್ಷೆಗೆ, ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರಿಗೆ ದಪ್ಪ ಪೆನ್ನೇ ವಾಸಿ. ತೆಳ್ಳನೆಯದನ್ನು ಬೆರಳು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಬೇಗ ಸೋಲುತ್ತದೆ. ಆದರೆ ಡೇರಿಯಲ್ಲಿ ಹಾಲಿನ ಅಳತೆ ಗುರುತು ಹಾಕಿಕೊಳ್ಳುವವರಿಗೆ, ಆಲೆಮನೆಯ ಮುಂದೆ ಕಬ್ಬಿನ ತೂಕ ಬರೆದುಕೊಳ್ಳುವವರಿಗೆ, ಒಂದೇ ಕೈಯಲ್ಲಿ ಜೇಬಿನಿಂದ ತೆಗೆದು ಒತ್ತಿ ಎರಡು ಸಾಲು ಗೀಚಿ ಮತ್ತೆ ಸಿಕ್ಕಿಸುವವರಿಗೆ ತೆಳ್ಳನೆಯ ಕ್ಲಿಕ್ ಪೆನ್ನಿಗಿಂತ ಒಳ್ಳೆಯದಿಲ್ಲ. ಈ ರೂಪ ಹುಟ್ಟಿರುವುದೇ ಅಂಥ ಚುಟುಕು ಬರವಣಿಗೆಗೆ. ಅದನ್ನು ಪುಟಗಟ್ಟಲೆ ಬರೆಸಿ ನೋಡಿ ಬಯ್ಯುವುದು ನ್ಯಾಯವಲ್ಲ.

ಕೊಳ್ಳುವ ಮುಂಚೆ ಅಂಗಡಿಯವರಿಂದಲೋ ಮಾಡಿದವರಿಂದಲೋ ಪೆನ್ನನ್ನು ಪೂರ್ತಿ ಬಿಚ್ಚಿಸಿ. ಸ್ಪ್ರಿಂಗ್, ರೀಫಿಲ್, ಕಡ್ಡಿ ಎಲ್ಲವನ್ನೂ ಕೈಗೆ ತೆಗೆದುಕೊಂಡು, ಕೊಳವೆಯನ್ನು ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿ, ಅಂಟು ಒಳಗೆ ಹರಿದಿದೆಯೇ ಗಮನಿಸಿ. ಆ ರೀಫಿಲ್ ಮೈಸೂರಿನಲ್ಲೋ ಮಂಡ್ಯದಲ್ಲೋ ಸಿಗುತ್ತದೆಯೇ ಎಂದು ಕೇಳಿ. ಬಿಚ್ಚಿ ತೋರಿಸಲು ಒಪ್ಪದಿದ್ದರೆ ಆ ಪೆನ್ನನ್ನು ಅಲ್ಲೇ ಇಟ್ಟು ಬನ್ನಿ.