ಗುಣಶೇಖರನ್ ಮನೆಯ ಓರಗಿತ್ತಿಯರು

ತಮಿಳು ಮೆಗಾ ಧಾರಾವಾಹಿಗಳ ಕಾಲು ಶತಮಾನದಲ್ಲಿ ಕಣ್ಣೀರಿಗೆ ಬರವಿರಲಿಲ್ಲ, ಊರಿಗೆ ಮಾತ್ರ ಇತ್ತು. 1999ರ ‘ಚಿತ್ತಿ’ಯಲ್ಲಿ ರಾಧಿಕಾ, 2003ರಿಂದ ಆರು ವರ್ಷ ನಡೆದ ‘ಕೋಲಂಗಳ್’ನಲ್ಲಿ ದೇವಯಾನಿ ಮನೆಮನೆಯ ಹೆಸರಾದರು. ಆದರೆ ಆ ನಾಯಕಿಯರು ಯಾವ ಮಣ್ಣಿನವರು ಎಂದು ಕೇಳಿದರೆ ತಡವರಿಸಬೇಕು. ಅವರಿಗಿದ್ದದ್ದು ಒಂದು ದೊಡ್ಡ ಹಜಾರ, ಒಂದು ಮೆಟ್ಟಿಲಸಾಲು, ಮುಖದ ಮೇಲೆ ಮೂರು ಸಲ ಬಡಿಯುವ ಸಂಗೀತ. ತಿರುಮುರುಗನ್ ಅವರ ‘ಮೆಟ್ಟಿ ಒಲಿ’ ಇದಕ್ಕೆ ಅಪವಾದ. ಐದು ಹೆಣ್ಣುಮಕ್ಕಳ ಬಡ ತಂದೆ ಚಿದಂಬರಂನ ಸಂಕಟ ಕಣ್ಣೀರಿನಿಂದಲ್ಲ, ಲೆಕ್ಕಾಚಾರದಿಂದ ಹುಟ್ಟುತ್ತಿತ್ತು.

ಬ್ರಿಟನ್ನಿನ ಧಾರಾವಾಹಿ ‘ಕೊರೋನೇಷನ್ ಸ್ಟ್ರೀಟ್’ 1960ರ ಡಿಸೆಂಬರ್‌ನಿಂದ ಇಂದಿನವರೆಗೂ ನಡೆದುಬಂದಿದೆ. ಅಲ್ಲಿ ಕತೆಯ ಒಡೆತನ ಒಂದು ಬೀದಿಯದು. ಜನ ಹುಟ್ಟುತ್ತಾರೆ, ಸಾಯುತ್ತಾರೆ, ಬೀದಿ ಉಳಿಯುತ್ತದೆ. ನಮ್ಮಲ್ಲಿ ಬೀದಿಯೇ ಇಲ್ಲ, ಮನೆಯೊಂದೇ. ಅತ್ತೆ-ಸೊಸೆ ಜಗಳ ಬಿಟ್ಟರೆ ಆ ಮನೆಗೆ ಬೇರೆ ಕಸುಬೂ ಇಲ್ಲ.

ಸಿನಿಮಾ ಈ ಕೊರತೆಯನ್ನು ಬಹಳ ಮುಂಚೆಯೇ ನೀಗಿಸಿಕೊಂಡಿತ್ತು. ತೇನಿಯ ಅಲ್ಲಿನಗರದ ಭಾರತಿರಾಜ ನಮ್ಮ ಪುಟ್ಟಣ್ಣ ಕಣಗಾಲರ ಕೈಕೆಳಗೆ ಪಳಗಿ, 1977ರಲ್ಲಿ ಕ್ಯಾಮೆರಾವನ್ನು ಸ್ಟುಡಿಯೋದಿಂದ ಹಳ್ಳಿಗೆ ಒಯ್ದರು. ಕಿರುತೆರೆ ಆ ದಾರಿ ಹಿಡಿದದ್ದು ಅಪರೂಪ. ಅದೇ ಜಿಲ್ಲೆಯ ವರುಸನಾಡು ಕಡೆಯಿಂದ ಬಂದ ಜಿ. ಮಾರಿಮುತ್ತು ಎರಡು ಸಿನಿಮಾ ನಿರ್ದೇಶಿಸಿದ್ದರು, ಹಲವಾರು ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ್ದರು. 2022ರ ಫೆಬ್ರವರಿಯಲ್ಲಿ ಶುರುವಾದ ‘ಎದಿರ್‌ನೀಚ್ಚಲ್’ ಧಾರಾವಾಹಿ ಅವರನ್ನು ಆದಿ ಗುಣಶೇಖರನ್ ಮಾಡಿತು.

ಗುಣಶೇಖರನ್ ಮದುರೆಯ ಸಿರಿವಂತ, ತಮ್ಮಂದಿರ ಯಜಮಾನ. ಓದಿದ ಹುಡುಗಿಯರನ್ನೇ ಸೊಸೆಯರಾಗಿ ತಂದು ಅಡುಗೆಮನೆಗೆ ಅಟ್ಟುವುದು ಅವನಿಗೆ ಪ್ರತಿಷ್ಠೆ. ‘ಇಂದಾಮ್ಮಾ, ಏಯ್’ ಎಂಬ ಅವನ ಗದರಿಕೆಯನ್ನು ಮಕ್ಕಳೂ ಅಣಕಿಸಿದರು. ಅಷ್ಟು ದುಷ್ಟನನ್ನು ಜನ ಯಾಕೆ ಆ ಪರಿ ಹಚ್ಚಿಕೊಂಡರು? ಅವನ ಬಾಯಲ್ಲಿ ಒಂದು ಸೀಮೆಯ ಮಾತಿತ್ತು. ಬೆಂಗಳೂರಿನಿಂದ ಚೆನ್ನೈಗೆ ಹೋದ ಎಷ್ಟೋ ನಾಯಕಿಯರಿಗೆ ದನಿ ಕೊಡುವವರು ಬೇರೆಯವರು. ಒಳ್ಳೆಯತನವೆಲ್ಲ ಒಂದೇ ಇಸ್ತ್ರಿ ಮಾಡಿದ ಭಾಷೆಯಲ್ಲಿ ಬರುತ್ತದೆ. ಕೆಟ್ಟವನು ಮಾತ್ರ ನಮ್ಮ ಮಾವನ ಹಾಗೆ ಮಾತಾಡುತ್ತಾನೆ. ಇದು ಈ ಪರಂಪರೆಯ ಬಲವೂ ಹೌದು, ಅದರ ದೊಡ್ಡ ಅನ್ಯಾಯವೂ ಹೌದು.

ಆದರೂ ತಿರುಸೆಲ್ವಂ ನಿರ್ದೇಶನದ ಈ ಧಾರಾವಾಹಿಯ ನಿಜವಾದ ಸಾಧನೆ ಗುಣಶೇಖರನ್ ಅಲ್ಲ, ಅವನ ಮನೆಯ ನಾಲ್ವರು ಓರಗಿತ್ತಿಯರು. ಓರಗಿತ್ತಿಯರನ್ನು ಜಗಳಕ್ಕೆ ಬಿಟ್ಟು ವರ್ಷಗಟ್ಟಲೆ ಹೊಟ್ಟೆ ಹೊರೆದುಕೊಂಡ ಕಸುಬು ಇದು. ಇಲ್ಲಿ ಈಶ್ವರಿ, ರೇಣುಕಾ, ನಂದಿನಿ, ಜನನಿ ಒಲೆಯ ಮುಂದೆಯೇ ಒಂದು ಪಕ್ಷ ಕಟ್ಟಿದರು. ನಂದಿನಿಯ ಕುಹಕ ಹತ್ತು ಭಾಷಣಕ್ಕೆ ಸಮ. ಅಜ್ಜಿ ಪಟ್ಟಮ್ಮಾಳ್‌ಳ ಶೇಕಡ 40ರ ಪಾಲು ಮನೆಯ ರಾಜಕೀಯವನ್ನು ಆಸ್ತಿಪತ್ರಕ್ಕೆ ತಂದು ನಿಲ್ಲಿಸಿತು. ಆ ಪಾಲಿನ ಸುತ್ತ ಕತೆ ತಿಂಗಳುಗಟ್ಟಲೆ ಗಾಣದೆತ್ತಿನಂತೆ ಸುತ್ತಿತು ಎಂಬುದೂ ಸತ್ಯ. ಈ ಕತೆ ನಮ್ಮ ಧಾರಾವಾಹಿ ನಿರ್ದೇಶಕ ಟಿ.ಎನ್. ಸೀತಾರಾಮ್ ಕೈಗೆ ಸಿಕ್ಕಿದ್ದರೆ ಅದನ್ನು ಕೋರ್ಟಿಗೆ ಎಳೆದು, ವಾದ-ಪ್ರತಿವಾದದಲ್ಲಿ ಬಿಚ್ಚುತ್ತಿದ್ದರು.

2023ರ ಸೆಪ್ಟೆಂಬರ್ 8ರಂದು ಇದೇ ಧಾರಾವಾಹಿಗೆ ದನಿ ಕೊಡುತ್ತಿದ್ದಾಗಲೇ ಮಾರಿಮುತ್ತು ಹೃದಯಾಘಾತದಿಂದ ತೀರಿಕೊಂಡರು. ‘ಕೊರೋನೇಷನ್ ಸ್ಟ್ರೀಟ್’ನ ಡೀರ್ಡ್ರೆ ಪಾತ್ರಧಾರಿ ಆನ್ ಕರ್ಕ್‌ಬ್ರೈಡ್ 2015ರಲ್ಲಿ ತೀರಿಕೊಂಡಾಗ ಪಾತ್ರವನ್ನೂ ಸಾಯಿಸಿ, ಬೀದಿಯವರೆಲ್ಲ ಸೇರಿ ಅಂತ್ಯಕ್ರಿಯೆ ಮಾಡಿದರು. ಇಲ್ಲಿ ಗುಣಶೇಖರನ್ ಸಾಯುವಂತಿರಲಿಲ್ಲ. ಅವನಿಲ್ಲದೆ ಆ ಹೆಂಗಸರು ಯಾರ ವಿರುದ್ಧ ಹೋರಾಡಬೇಕು? ಕೆಲ ವಾರಗಳಲ್ಲಿ ಕಾದಂಬರಿಕಾರ ವೇಲ ರಾಮಮೂರ್ತಿ ಆ ಜಾಗಕ್ಕೆ ಬಂದರು. ಗತ್ತು ಅವರಲ್ಲೂ ಇತ್ತು. ಮಾರಿಮುತ್ತು ಬೆರೆಸುತ್ತಿದ್ದ ಆ ತಮಾಷೆ ಹೋಯಿತು, ಉಳಿದದ್ದು ಬರೀ ಕ್ರೌರ್ಯ.

ಗುಣಶೇಖರನ್ ಮಾತಿನ ಆ ಸೀಮೆಯಲ್ಲೇ, ಕಂಬಂ ಕಣಿವೆ, ದಿಂಡಿಗಲ್ ಕಡೆಯ ಕಪ್ಪಿಲಿಯರ್, ಅನುಪ್ಪರ್ ಸಮುದಾಯಗಳ ಮನೆಗಳಲ್ಲಿ ಆಡುಮಾತು ಇಂದಿಗೂ ಕನ್ನಡ, ಓದುಬರಹ ತಮಿಳು. ಗುಣಶೇಖರನ್ ಗದರಿಕೆ ಅವರಿಗೆ ಬೀದಿಯ ಪರಿಚಿತ ದನಿ. ಅವರ ಮನೆಯೊಳಗಿನ ಕನ್ನಡ ಮಾತ್ರ ಚೆನ್ನೈ ಧಾರಾವಾಹಿಯ ಕಿವಿಗೂ ಬಿದ್ದಿಲ್ಲ, ಬೆಂಗಳೂರಿನದಕ್ಕೂ ಬಿದ್ದಿಲ್ಲ. ನಮ್ಮ ವಾಹಿನಿಗಳಿಗೆ ಕನ್ನಡವೆಂದರೆ ಬೆಂಗಳೂರು-ಮೈಸೂರು, ಅಪರೂಪಕ್ಕೆ ಧಾರವಾಡ.

‘ಎದಿರ್‌ನೀಚ್ಚಲ್’ 2024ರ ಜೂನ್‌ನಲ್ಲಿ ಮುಗಿದು, ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಈ ಸಲ ಜನನಿಯ ಮುಖವೂ ಬೇರೆ. ಹೋರಾಟ ಮಾತ್ರ ಅದೇ ಮನೆಯಲ್ಲಿ, ಅದೇ ಯಜಮಾನನೊಂದಿಗೆ.