ಅಂಗೈಯಲ್ಲಿ ಹಿಡಿದ ಬೆಳಕು

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗಲೆಲ್ಲ ನನ್ನ ಕಾಲು ತಾನಾಗಿ ಒಂದು ಚಿತ್ರದ ಮುಂದೆ ನಿಲ್ಲುತ್ತದೆ. ಎಸ್.ಎಲ್. ಹಲ್ದಣಕರ್ ಬರೆದ ದೀಪಧಾರಿಣಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಕುಡಿಗೆ ಮರೆ. ಬೆರಳ ಸಂದಿಯಲ್ಲಿ ಕೆಂಪಾಗಿ ಜಿನುಗುವ ಬೆಳಕು ಮುಖಕ್ಕೇರಿ, ಸೆರಗಿಗಿಳಿದು, ಹಿಂದಿನ ಗೋಡೆಯ ಮೇಲೆ ನೆರಳಾಗಿ ನಿಂತಿದೆ. ಇದು ತೈಲವರ್ಣವಲ್ಲ, ಜಲವರ್ಣ! ನೀರಿನ ಬಣ್ಣದಲ್ಲಿ ತಪ್ಪಿದರೆ ತಿದ್ದುವುದು ಸುಲಭವಲ್ಲ. ಎಷ್ಟು ತಾಳ್ಮೆಯ ಕೈ ಅದು!

ಮುಮ್ಮಡಿ ಕೃಷ್ಣರಾಜ ಒಡೆಯರ್ 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದಾಗ ರಾಜಮನೆತನಕ್ಕೆ ಆಸರೆಯಾಯಿತು. 1915ರಲ್ಲಿ ಚಿತ್ರಶಾಲೆಯಾಗಿ ಬಾಗಿಲು ತೆರೆಯಿತು.

ರವಿವರ್ಮನ ದೊಡ್ಡ ಕ್ಯಾನ್ವಾಸುಗಳ ನಡುವೆ ಮೈಸೂರು ಶೈಲಿಯ ಚಿತ್ರಗಳನ್ನು ಮರೆಯಬೇಡಿ. ಬಳಿ ಹೋಗಿ ಒಡವೆಗಳನ್ನು ನೋಡಿ: ತೆಳುವಾಗಿ ಉಬ್ಬಿಸಿದ ಗೆಸ್ಸೊ ಎಂಬ ಲೇಪ, ಅದರ ಮೇಲೆ ಚಿನ್ನದ ರೇಕು. ತಂಜಾವೂರಿನ ಚಿತ್ರಗಳಷ್ಟು ಉಬ್ಬಿಲ್ಲ. ಇಲ್ಲಿ ಚಿನ್ನವೂ ಮೆಲುದನಿಯಲ್ಲೇ ಮಾತಾಡುತ್ತದೆ.

ಹೊರಬಂದರೆ ಮಟಮಟ ಮಧ್ಯಾಹ್ನದ ಬಿಸಿಲು. ಆದರೂ ಕಣ್ಣಲ್ಲಿ ಉಳಿಯುವುದು ಆ ಪುಟ್ಟ ಕುಡಿಯೇ.